ನಾಳೆ ಬಾ ಎಂದವರ ಪಟ್ಟಿ

ಆರು ವರ್ಷ ನಾಲ್ಕು ತಾಲ್ಲೂಕು ಸುತ್ತಿ ಕಡ್ಲೆಕಾಯಿ ಬಿಡಿಸುವ ಯಂತ್ರ ಮಾರಿದ ನನ್ನನ್ನು, ಮಾರುವುದು ಹೇಗೆಂದು ಕಲಿತು ಬಾ ಎಂದು ತರಬೇತಿಗೆ ಅಟ್ಟಿದರು. ಅದಕ್ಕೂ ಮೊದಲು ಮ್ಯಾನೇಜರ್ ಮೀಟಿಂಗಿನಲ್ಲಿ, "ನಿಂಗೆ ಬಾಯಿ ಜಾಸ್ತಿ ಕಣಯ್ಯಾ, ಯಾಪಾರ ಕಮ್ಮಿ" ಎಂದು ಎಲ್ಲರನ್ನೂ ನಗಿಸಿ, ಮಧುಗಿರಿ, ಕೊರಟಗೆರೆಗಳನ್ನು ಕಿತ್ತು ತನ್ನ ಭಾಮೈದನಿಗೆ ಕೊಟ್ಟಿದ್ದ. ನನಗೆ ಉಳಿದದ್ದು ಶಿರಾ, ಪಾವಗಡ. ಮಧುಗಿರಿ ನನ್ನೂರು. ಅದನ್ನು ಅವನ ಬಾಯಿಂದಲೇ ವಾಪಸು ಕೊಡಿಸಿಕೊಳ್ಳಬೇಕು, ಭಾಮೈದ ಪಕ್ಕದಲ್ಲೇ ಕೂತು ಕೇಳಬೇಕು. ಈ ಹಟ ಕಟ್ಟಿಕೊಂಡೇ ಶಿರಾದ ತರಬೇತಿಗೆ ಹೋದೆ.

ಎರಡು ದಿನದಲ್ಲಿ ಒಂದೂವರೆ ದಿನ ಬರೀ ಬುರುಡೆ. ಈಗಲೂ ಹಾಗೇ ಅನ್ನುತ್ತೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವನು ನಾನು. ಪಾಠ ಹೇಳುತ್ತಿದ್ದ ಮೇಡಂ ಎರಡು ಮಾತಾಡಿದರೆ ಮೂರು ಅಡ್ಡಪ್ರಶ್ನೆ ಹಾಕಿದೆ. ಕೊನೆಗೆ ಅವರು ನನ್ನ ಕೆಂಪು ನೋಟ್‌ಬುಕ್ ಕೇಳಿದರು. ಇಂದಲ್ಲ ನಾಳೆ ಕೊಂಡೇ ಕೊಳ್ಳುತ್ತಾರೆಂದು ನಾನು ನಂಬಿದ್ದವರ ಹೆಸರು ಅದರಲ್ಲಿದ್ದವು.

"ಇವ್ರೆಲ್ಲಾ ಏನಂದ್ರು?"

"ಟೀ ಕೊಟ್ರು. ನಾಳೆ ಬಾ ಅಂದ್ರು."

"ಯಂತ್ರದ ಬಗ್ಗೆ ಏನ್ ಕೇಳಿದ್ರು?"

ಒಬ್ಬರೂ ಏನೂ ಕೇಳಿರಲಿಲ್ಲ.

"ನಿಮ್ಜೊತೆ ಜಗಳ ಆಡಿದೋರ ಹೆಸ್ರೆಲ್ಲಿ?"

"ಅವ್ರನ್ನ ಸೋಲ್ಸಿದೀನಲ್ಲಾ ಮೇಡಂ, ಮತ್ಯಾಕೆ ಬರ್ಕೊಳ್ಲಿ?"

"ಕೊಳ್ಳೋ ಯೋಚ್ನೆನೇ ಇಲ್ದೋನು ಕುಂದು ಹುಡುಕ್ತಾನಾ?"

ನೋಟ್‌ಬುಕ್ ವಾಪಸು ತೆಗೆದುಕೊಂಡೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುವ ಜನ ನಾವು. ಆರು ವರ್ಷ ನನ್ನನ್ನೂ ಹಾಗೇ ಸಾಗಹಾಕಿದ್ದರು, ಜೊತೆಗೆ ಟೀ.

ವೈ.ಎನ್. ಹೊಸಕೋಟೆಯ ಒಬ್ಬ ರೈತ ನೆನಪಾದ. ಹಿಂದಿನ ವರ್ಷ ಅರಳಿಕಟ್ಟೆಯಲ್ಲಿ, ಯಂತ್ರಕ್ಕೆ ಹಾಕಿದರೆ ಬೀಜ ಹೋಳಾಗುತ್ತದೆ, ಮೊಳೆಯುವುದಿಲ್ಲ ಅಂದಿದ್ದ. "ಕೈಯಲ್ಲಿ ಬಿಡಿಸಿದ್ದೆಲ್ಲಾ ಮೊಳೆತದ್ದನ್ನ ಎಣಿಸಿದೀರಾ?" ಎಂದಿದ್ದೆ. ಕಟ್ಟೆಯ ಮೇಲಿದ್ದವರು ನಕ್ಕರು. ಅವನು ಟವೆಲ್ ಕೊಡವಿ ಎದ್ದುಹೋದ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಖುಷಿಯಲ್ಲಿ ಬಂದಿದ್ದೆ.

ತರಬೇತಿ ಮುಗಿದ ಮೇಲೆ ಅವನ ಮನೆ ಹುಡುಕಿಕೊಂಡು ಹೋದೆ.

"ಏಮಪ್ಪಾ, ಇನ್ನೂ ವಾದ ಬಾಕಿ ಐತಾ?"

"ಇಲ್ಲಣ್ಣ. ಅವತ್ತು ನೀನು ಹೇಳಿದ್ದು ಕೇಳಾಕೆ ಬಂದೆ."

"ಹೇಳಕ್ ಎಲ್ ಬುಟ್ಟೆ ನೀನು? ಬಿತ್ತನೆಗೆ ಬ್ಯಾಡ, ಗಾಣಕ್ಕೆ ಹಾಕೋದಕ್ಕೆ ಆಯ್ತದೆ ಅನ್ನಾನ ಅಂತಿದ್ದೆ. ಅಷ್ಟರಾಗೆ ಜನನ್ನ ನಗಿಸ್ಬುಟ್ಟೆ."

ಅವನು ಕೊಂಡ. ಇದೇ ಅನುಮಾನವಿದ್ದ ಇಬ್ಬರ ಮನೆಗೂ ಕರೆದುಕೊಂಡು ಹೋದ. ಆಮೇಲೆ ನಾನು ಸೋಲಿಸಿದ್ದವರನ್ನೆಲ್ಲ ನೆನಪಿಸಿಕೊಂಡು ಒಬ್ಬೊಬ್ಬರನ್ನೇ ಹುಡುಕಿದೆ. ತಾವರೆಕೆರೆಯಲ್ಲಿ ಒಬ್ಬ ನನ್ನ ಮುಖ ಕಂಡೊಡನೆ ಬಾಗಿಲು ಹಾಕಿಕೊಂಡ, ಅದೂ ನ್ಯಾಯವೇ. ಮಿಕ್ಕವರಲ್ಲಿ ಬಹಳ ಮಂದಿ ಕೊಂಡರು.

ಕೊಯ್ಲು ಮುಗಿದ ಮೇಲೆ ಮೀಟಿಂಗು. ಭಾಮೈದ ಪಕ್ಕದಲ್ಲೇ ಕೂತಿದ್ದ. ಮ್ಯಾನೇಜರ್ ನನ್ನ ಮುಖ ನೋಡದೆ ಹೇಳಿದ: "ಮಧುಗಿರಿ, ಕೊರಟಗೆರೆ ನೀನೇ ನೋಡ್ಕೊ. ಪಾವಗಡದ ಕಡೆ ಈಗ ಚೆನ್ನಾಗೈತೆ, ಇವ್ನು ನೋಡ್ಕೊಳ್ತಾನೆ. ನಿನ್ ಲಿಸ್ಟ್ ಕೊಟ್ಬುಡು."

ಜಗಳಗಂಟರ ಹೆಸರು ನನ್ನ ತಲೆಯಲ್ಲಿದ್ದವು. ಕೆಂಪು ನೋಟ್‌ಬುಕ್ ತೆಗೆದು ಭಾಮೈದನ ಕೈಗಿಟ್ಟೆ. ಪುಟ ತಿರುವಿದವನ ಕಣ್ಣು ಅರಳಿತು.

"ಇಷ್ಟೊಂದ್ ಜನಾನಾ?"

"ಎಲ್ಲಾ ಒಳ್ಳೇ ಜನ ಕಣಯ್ಯಾ. ಒಬ್ರೂ ಇಲ್ಲ ಅನ್ನಾಕಿಲ್ಲ."

ಒಂದಕ್ಷರ ಸುಳ್ಳು ಹೇಳಿಲ್ಲ. ಈಗ ಆ ಟೀ ಎಲ್ಲಾ ಅವನು ಕುಡಿಯುತ್ತಿದ್ದಾನೆ.