ಫ್ಯಾನ್ ಆರಿಸಿ ತೂಗಿದವಳು

ಪುಡಿ ತೂಗುವ ಕೋಣೆಯ ಬಾಗಿಲು ತೆರೆಯುವ ಮೊದಲೇ ಅವಳ ಬಾಯಿ ಒಣಗುತ್ತಿತ್ತು. ಒಳಗೆ ಹೆದರಿಸುವಂಥದ್ದೇನೂ ಇರಲಿಲ್ಲ. ಒಂದು ಗಾಜಿನ ಗೂಡು, ಅದರೊಳಗೆ ಧೂಳಿನ ಕಣವನ್ನೂ ತೂಗಬಲ್ಲ ತಕ್ಕಡಿ, ಗೂಡಿನ ನೆತ್ತಿಯಲ್ಲಿ ಗಾಳಿಯನ್ನು ಹೊರಗೆಳೆಯುವ ಫ್ಯಾನ್, ಒಂದು ಸ್ಟೂಲು. ಬಿಳಿ ಪುಡಿಯ ಶೀಶೆಗಳು ಪಕ್ಕದ ಫ್ರಿಜ್ಜಿನಲ್ಲಿ. ಆದರೂ ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಗಂಟಲು ನೆಟ್ಟಗಿದೆಯೇ ಎಂದು ಒಮ್ಮೆ ಎಂಜಲು ನುಂಗಿ ನೋಡಿಕೊಂಡು, ಆಮೇಲೆ ಒಳಗೆ ಕಾಲಿಡುತ್ತಿದ್ದಳು.

ಜೊತೆಯ ವಿದ್ಯಾರ್ಥಿಗಳು ಅವಳನ್ನು ತಕ್ಕಡಿ ಅಕ್ಕ ಎಂದು ಕರೆಯುತ್ತಿದ್ದರು. ಅವರೆಲ್ಲ ಆಗಷ್ಟೇ ಪದವಿ ಮುಗಿಸಿ ಬಂದವರು. ಅವಳು ಅರ್ಧ ಯೌವನವನ್ನು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಕಳೆದು, ಮದುವೆಯಾಗಿ, ಆಮೇಲೆ ಸ್ನಾತಕೋತ್ತರ ತರಗತಿಗೆ ಬಂದು ಕೂತವಳು. ಹಾಗಾಗಿ ಅಕ್ಕ. ತಕ್ಕಡಿ ಎಂದು ಸೇರಿಸಿದ್ದು, ಅವಳಷ್ಟು ಕರಾರುವಾಕ್ಕಾಗಿ ತೂಗುವವರು ಆ ಪ್ರಯೋಗಾಲಯದಲ್ಲಿ ಇನ್ನೊಬ್ಬರಿಲ್ಲದ್ದಕ್ಕೆ. ಈ ಹೆಸರಿನ ಬಗ್ಗೆ ಅವಳಿಗೆ ತಕ್ಕಮಟ್ಟಿಗೆ ಜಂಬವಿತ್ತು. ಅವಳಿಗೆ ಮುಳುವಾದದ್ದೂ ಅದೇ.

ಈ ಓದನ್ನು ಅವಳು ಹಿಡಿದದ್ದು ತಮ್ಮನಿಂದಾಗಿ. ಅವನು ಚಿಕ್ಕವನಿದ್ದಾಗ ಗಂಟಲು ನೋವಿಗೆಂದು ಡಾಕ್ಟರು ಪೆನಿಸಿಲಿನ್ ಚುಚ್ಚಿದರು. ಚಿಕಿತ್ಸಾಲಯದ ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ತುಟಿ ಊದಿಕೊಂಡಿತು, ಕಣ್ಣು ಮುಚ್ಚಿಹೋಯಿತು, ಉಸಿರು ಸೀಟಿ ಹೊಡೆದಂತೆ ಕೇಳತೊಡಗಿತು. ಅಪ್ಪ ಅವನನ್ನು ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿ ಓಡಿದರು. ಹುಡುಗ ಬದುಕಿದ. ದೊಡ್ಡವನಾದ ಮೇಲೆ, “ಅವತ್ತು ನನ್ನ ಮುಖ ಕುಂಬಳಕಾಯಿ ಆಗಿತ್ತಂತೆ, ಒಂದು ಫೋಟೋ ಆದ್ರೂ ತೆಗೀಬಾರ್ದಿತ್ತಾ?” ಎಂದು ನಗುತ್ತಾನೆ. ಆ ಮಾತಿಗೆ ಅವಳಿಗೆ ಈವರೆಗೆ ನಗು ಬಂದಿಲ್ಲ. ಆ ಸೀಟಿಯ ಸದ್ದು ಅವಳ ಕಿವಿಯಲ್ಲೇ ಉಳಿಯಿತು.

ಅವಳ ಗೈಡ್ ಮೇಡಂ ಕೈಗೆತ್ತಿಕೊಂಡಿದ್ದ ಕೆಲಸವೂ ಅದಕ್ಕೆ ಹೊಂದುವಂಥದ್ದೇ. ಶ್ವಾಸಕೋಶಕ್ಕೆ ಹತ್ತುವ ಕೆಲವು ಸೋಂಕುಗಳು ಹಳೆಯ ಮದ್ದುಗಳಿಗೆ ಜಗ್ಗುವುದಿಲ್ಲ. ಅವಕ್ಕಾಗಿ ಪೆನಿಸಿಲಿನ್ ಕುಲದ್ದೇ ಆದ, ಆದರೆ ಸ್ವಲ್ಪ ಬೇರೆ ರೂಪದ ಹೊಸದೊಂದು ಮದ್ದು ತಯಾರಾಗಿತ್ತು. ಅದು ಕ್ರಿಮಿಯನ್ನು ಕೊಲ್ಲುತ್ತದೆಯೇ, ಮನುಷ್ಯನನ್ನು ಅಲರ್ಜಿಯಿಂದ ಕೆಡಹದೆ ಬಿಡುತ್ತದೆಯೇ, ಇವೆರಡನ್ನೂ ನೋಡಬೇಕಿತ್ತು. ಆ ಮದ್ದಿನ ಪುಡಿಯನ್ನು ತೂಗುವ ಕೆಲಸ ತಕ್ಕಡಿ ಅಕ್ಕನ ಪಾಲಿಗೆ ಬಂತು.

ತೂಗುವಾಗ ಫ್ಯಾನ್ ಓಡುತ್ತಿರಲೇಬೇಕೆಂಬುದು ನಿಯಮ. ಆದರೆ ಫ್ಯಾನ್ ಓಡಿದರೆ ಗೂಡಿನೊಳಗೆ ಗಾಳಿ ಅಲುಗುತ್ತದೆ, ತಕ್ಕಡಿಯ ಕೊನೆಯ ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತದೆ. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಫ್ಯಾನ್ ಆರಿಸಿದಳು, ಅಂಕಿ ಕಲ್ಲಿನಂತೆ ನಿಂತಿತು. ಅಂದಿನಿಂದ ಅದೇ ಅವಳ ಪದ್ಧತಿಯಾಯಿತು. ಗೂಡಿನಿಂದ ಹೊರಗೆ ಹೋಗಬೇಕಾದ ಪುಡಿ ಅವಳ ಮೂಗಿಗೆ ಹೋಗತೊಡಗಿತು. ತನ್ನ ಹಿಂದೆ ಬಂದವರಿಗೂ ಅವಳು ಈ ಉಪಾಯವನ್ನು ಕಲಿಸಿಕೊಟ್ಟಳು.

ಮೊದಲು ಸೀನು ಬಂತು. ಆಮೇಲೆ ಗ್ಲೌಸು ಮುಗಿಯುವ ಮಣಿಕಟ್ಟಿನಲ್ಲಿ ದದ್ದು. ಒಂದು ಮಧ್ಯಾಹ್ನ ಶೀಶೆಗೆ ಮುಚ್ಚಳ ಹಾಕುತ್ತಿದ್ದಾಗ ಯಾರೋ ಗಂಟಲಿಗೆ ದಾರ ಸುತ್ತಿ ಮೆಲ್ಲಗೆ ಎಳೆದಂತಾಯಿತು. ಸ್ಟೂಲಿನ ಮೇಲೆ ಕೂತು, ತನ್ನ ಉಸಿರಿನಲ್ಲಿ ಆ ಸೀಟಿ ಕೇಳುತ್ತದೆಯೇ ಎಂದು ಕಿವಿಗೊಟ್ಟಳು. ಕೇಳಲಿಲ್ಲ. ದಾರ ಸಡಿಲಾಯಿತು. ಆದರೆ ಏನಾಯಿತೆಂದು ಅವಳಿಗೆ ಗೊತ್ತಾಗಿಹೋಯಿತು. ಇಷ್ಟು ದಿನ ಪುಸ್ತಕದಲ್ಲಿ ಓದಿದ್ದು ಈಗ ಅವಳ ಮೈಗೇ ಬಂದಿತ್ತು.

ಹೇಳಿಬಿಡಬಹುದಿತ್ತು. ಆದರೆ ಹಿಂದಿನ ವರ್ಷದ ಒಬ್ಬ ವಿದ್ಯಾರ್ಥಿ ಹೀಗೇ ಕಣ್ಣುರಿಯೆಂದು ಹೇಳಿಕೊಂಡಿದ್ದ. ಅವನಿಗೆ ಪುಡಿಯ ಕೋಣೆ ಮುಚ್ಚಿತು, ಪ್ರಬಂಧ ಅರ್ಧಕ್ಕೆ ನಿಂತಿತು, ಕೊನೆಗೆ ಓದನ್ನೇ ಬಿಟ್ಟುಹೋದ. ಅವನಿಗಾದರೂ ಎಳೆ ವಯಸ್ಸು. ಅವಳಿಗೆ ಈ ಸೀಟು ತಪ್ಪಿದರೆ ಇನ್ನೊಂದಿರಲಿಲ್ಲ. ಅಂಗಡಿಯಲ್ಲಿ ತಾನೇ ಮಾರುತ್ತಿದ್ದ ಅಲರ್ಜಿಯ ಮಾತ್ರೆಯನ್ನು ದಿನಾ ಬೆಳಿಗ್ಗೆ ಒಂದೊಂದು ನುಂಗಿ, ತುಟಿ ಪಿಟಕ್ಕೆನ್ನದೆ ತೂಗುವುದನ್ನು ಮುಂದುವರಿಸಿದಳು.

ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

“ಏನೇ ಅದು, ಒಂದೇ ಸಮನೆ ಎಂಜಲು ನುಂಗ್ತಾ ಇದ್ದೀಯ?” ಎಂದರು ಅತ್ತೆ, ಬಟ್ಟೆ ಮಡಿಸುತ್ತಾ.

“ನೆಗಡಿ ಅತ್ತೆ.”

“ನಿನ್ನ ನೆಗಡಿಗೂ ಭಾನುವಾರ ರಜಾನಾ? ಭಾನುವಾರ ಒಂದು ಸೀನೂ ಇಲ್ಲ. ಸೋಮವಾರ ಬಂತು ಅಂದ್ರೆ ಶುರು!”

“ಆ ಕಟ್ಟಡದಲ್ಲಿ ಎ.ಸಿ. ಜಾಸ್ತಿ.”

“ಹೂಂ, ಎ.ಸಿ.! ಅಂಗಡೀಲಿದ್ದಾಗ ಬಂದವರಿಗೆಲ್ಲ ಮಾತ್ರೆ ಕೊಡ್ತಿದ್ದೆ. ಈಗ ನೀನೇ ನುಂಗ್ತಿದ್ದೀಯ. ಇದಕ್ಕಾ ಓದೋಕೆ ಹೋಗಿದ್ದು?”

ಅವಳು ಎದ್ದು ಒಳಗೆ ಹೋದಳು. ಅತ್ತೆಯ ಬಾಯಿಗಿಂತ ಅವರ ಲೆಕ್ಕಾಚಾರಕ್ಕೆ ಅವಳು ಹೆಚ್ಚು ಹೆದರಿದಳು.

ಆಮೇಲೆ ರಕ್ತದ ಸರದಿ ಬಂತು. ಹೊಸ ಮದ್ದು ಅಲರ್ಜಿ ಕೆರಳಿಸುತ್ತದೆಯೇ ಎಂದು ತಿಳಿಯಲು ಅದನ್ನು ಆರು ಮಂದಿ ಆರೋಗ್ಯವಂತರ ರಕ್ತಕ್ಕೆ ಬೆರೆಸಿ ನೋಡಬೇಕು. ಅಲರ್ಜಿ ಇಲ್ಲದವರ ರಕ್ತಕಣಗಳು ಸುಮ್ಮನಿರುತ್ತವೆ, ಇದ್ದವರವು ಕೆರಳುತ್ತವೆ. ಇಂಥ ಕಡೆಗಳಲ್ಲಿ ಆರೋಗ್ಯವಂತರನ್ನು ಹುಡುಕಲು ಯಾರೂ ದೂರ ಹೋಗುವುದಿಲ್ಲ, ಅಲ್ಲಿರುವವರೇ ತೋಳು ಚಾಚುತ್ತಾರೆ. “ಯಾರಿಗಾದ್ರೂ ಅಲರ್ಜಿ ಇದೆಯಾ?” ಎಂದು ಮೇಡಂ ಕೇಳಿದಾಗ ಎಲ್ಲರ ಜೊತೆ ಅವಳೂ ತಲೆಯಾಡಿಸಿ ಇಲ್ಲವೆಂದಳು. ನಾಲ್ಕು ಎಂಬ ಚೀಟಿ ಅಂಟಿಸಿದ ಕೊಳವೆಗೆ ಅವಳ ರಕ್ತ ಇಳಿಯಿತು. ಮಾತ್ರೆ ಕಾಪಾಡುತ್ತದೆಂದು ತನಗೆ ತಾನೇ ಹೇಳಿಕೊಂಡಳು. ಮಾತ್ರೆ ತುರಿಕೆಯನ್ನು ಮುಚ್ಚೀತು, ಕೊಳವೆಗೆ ಬಿದ್ದ ರಕ್ತದ ಸ್ವಭಾವವನ್ನಲ್ಲ. ಇದು ಅವಳಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದಳು.

“ನಾಲ್ಕನೇದನ್ನ ನೋಡಿ,” ಎಂದರು ಮೇಡಂ, ಕಂಪ್ಯೂಟರಿನ ಪರದೆ ತೋರಿಸಿ. “ಮಿಕ್ಕ ಐದೂ ನಿದ್ದೆ ಮಾಡ್ತಿವೆ. ಇದೊಂದು ಮಾತ್ರ ಮನೆಗೆ ಬೆಂಕಿ ಬಿದ್ದ ಹಾಗೆ ಎದ್ದು ಕೂತಿದೆ.”

“ಮೆಷಿನ್ ಕೆಟ್ಟಿರಬೇಕು ಮೇಡಂ,” ಎಂದಳು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. ಬಾಯಿಗೆ ಬಿಡುವಿಲ್ಲದ ಅವಳನ್ನು ಎಲ್ಲರೂ ವಟವಟ ಎನ್ನುತ್ತಿದ್ದರು.

“ಮೆಷಿನ್ ಕೆಟ್ಟಿದ್ರೆ ಆರೂ ಕೆಡಬೇಕಿತ್ತು. ನಿನ್ನ ಬಾಯಿ ಥರ ಅದು ಇಷ್ಟ ಬಂದಾಗ ಓಡಲ್ಲ.”

ಎಲ್ಲರೂ ನಕ್ಕರು. ತಕ್ಕಡಿ ಅಕ್ಕನೂ ಹಲ್ಲು ಕಾಣಿಸಿದಳು.

“ಯಾರ ರಕ್ತ ಅಂತ ನಾನು ಕೇಳಲ್ಲ, ಅದು ನಿಯಮ. ನಾಳೆ ಆರೂ ಜನ ಮತ್ತೆ ಕೊಡಿ. ಮತ್ತೆ ಹೀಗೇ ಬಂದ್ರೆ ಈ ಮದ್ದನ್ನ ಕೈಬಿಡೋದೇ. ಆರೋಗ್ಯವಂತರನ್ನೇ ಕೆರಳಿಸೋದನ್ನ ರೋಗಿಗೆ ಹೇಗೆ ಕೊಡೋದು?”

ಆ ರಾತ್ರಿಯೆಲ್ಲ ಅವಳು ಮುಳ್ಳಿನ ಮೇಲೆ ಮಲಗಿದಂತೆ ಹೊರಳಾಡಿದಳು. ಮತ್ತೆ ರಕ್ತ ಕೊಟ್ಟರೆ, ಎಷ್ಟೋ ಜನರನ್ನು ಉಳಿಸಬಹುದಾದ ಮದ್ದು ತನ್ನ ಸುಳ್ಳಿನಿಂದ ಸಾಯುತ್ತದೆ. ಕೊಡದಿದ್ದರೆ ಕಾರಣ ಹೇಳಬೇಕು. ಇನ್ನೊಬ್ಬರ ರಕ್ತಕ್ಕೆ ನಾಲ್ಕರ ಚೀಟಿ ಅಂಟಿಸಿದರೆ ಯಾರಿಗೂ ತಿಳಿಯದು. ಈ ಯೋಚನೆ ತನಗೆ ಎಷ್ಟು ಸಲೀಸಾಗಿ ಬಂತೆಂಬುದನ್ನು ಕಂಡು ಅವಳಿಗೆ ಇನ್ನಷ್ಟು ಭಯವಾಯಿತು.

ಬೆಳಿಗ್ಗೆ ಅವಳು ಚೀಟಿ ಬದಲಿಸಬೇಕೆಂದೇ ಹೊರಟಳು. ಕತೆ ಹೇಳುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ. ರಕ್ತ ತೆಗೆಯುವ ಕೋಣೆಯ ಹೊರಗಿನ ಬೆಂಚಿನ ಮೇಲೆ ವಟವಟ ಕೂತಿದ್ದಳು.

“ಅಕ್ಕಾ, ನಿಮ್ಮ ಉಪಾಯ ಸೂಪರ್! ಈ ವಾರವೆಲ್ಲ ಫ್ಯಾನ್ ಆರಿಸಿಯೇ ತೂಗಿದೆ. ಅಂಕಿ ಒಂಚೂರೂ ಅಲುಗಲ್ಲ. ಇನ್ಮೇಲೆ ನನ್ನನ್ನ ತಕ್ಕಡಿ ತಂಗಿ ಅಂತ ಕರೀಬೇಕು ಎಲ್ಲರೂ.” ಹೇಳುತ್ತಲೇ ಮಣಿಕಟ್ಟನ್ನು ಕೆರೆದುಕೊಂಡಳು.

“ಏನದು ಕೈಯಲ್ಲಿ?”

“ಸೊಳ್ಳೆ ಕಚ್ಚಿದೆ ಅಕ್ಕ.”

ಅವಳು ಹುಡುಗಿಯ ಅಂಗಿಯ ತೋಳನ್ನು ಮೇಲೆ ಸರಿಸಿದಳು. ಗ್ಲೌಸು ಮುಗಿಯುವ ಜಾಗದಲ್ಲಿ ಬಳೆ ತೊಟ್ಟಂತೆ ಸುತ್ತಲೂ ಕೆಂಪು ದದ್ದು. ಹಾಗೆ ಸುತ್ತುಗಟ್ಟಿ ಕಚ್ಚುವ ಸೊಳ್ಳೆ ಇನ್ನೂ ಹುಟ್ಟಿಲ್ಲ. ತಮ್ಮನ ಊದಿದ ತುಟಿ ಕಣ್ಣ ಮುಂದೆ ಬಂತು, ಆದರೆ ಈ ಸಲ ಆ ಮುಖ ಈ ಹುಡುಗಿಯದಾಗಿತ್ತು. “ಇಲ್ಲೇ ಕೂತಿರು. ಪುಡಿಯ ಕೋಣೆಗೆ ಹೋಗಬೇಡ,” ಎಂದವಳೇ ಮೇಡಂ ಕೋಣೆಯ ಬಾಗಿಲು ತಟ್ಟಿದಳು.

“ನಾಲ್ಕನೇದು ನನ್ನದು ಮೇಡಂ.”

“ನಾನು ಕೇಳಲಿಲ್ಲವಲ್ಲ.”

“ನೀವು ಕೇಳಲ್ಲ ಅಂತಾನೇ ಇಷ್ಟು ದಿನ ಸುಮ್ಮನಿದ್ದೆ. ನನಗೆ ಅಲರ್ಜಿ ಹತ್ತಿದೆ.”

ಮೇಡಂ ಅವಳ ಎರಡೂ ಮಣಿಕಟ್ಟು ತಿರುಗಿಸಿ ನೋಡಿದರು. “ಗಂಟಲು?”

“ಒಂದ್ಸಲ ಬಿಗಿದಿತ್ತು.”

“ಮಾರನೇ ದಿನ?”

“ತೂಗೋಕೆ ಹೋದೆ.”

ಮೇಡಂ ಮುಖ ಬಿಳಿಚಿಕೊಂಡಿತು. ಅವರು ಹೆದರಿದ್ದನ್ನು ಈವರೆಗೆ ಯಾರೂ ನೋಡಿರಲಿಲ್ಲ. “ಅಲ್ಲೇ ಸತ್ತುಹೋಗಿದ್ರೆ?”

“ಸೀಟು ಹೋಗುತ್ತೆ ಅಂತ ಹೆದರಿಕೆಯಾಯ್ತು ಮೇಡಂ.”

“ಸಾಯೋದಕ್ಕಿಂತಲೂ?”

ಹೌದೆಂಬುದೇ ನಿಜವಾದ ಉತ್ತರ. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು. ಅದರ ಬದಲು ಫ್ಯಾನಿನ ವಿಷಯ ಹೇಳಿದಳು, ಯಾರಿಗೆಲ್ಲ ಕಲಿಸಿದ್ದೆಂಬುದನ್ನೂ ಹೇಳಿದಳು. ಮೇಡಂ ಆಗ ಕೆಂಡಾಮಂಡಲವಾದರು. “ಅಂಕಿ ಕುಣೀಲಿ ಬಿಡು! ಕುಣಿದರೆ ನಿನ್ನ ಗಂಟೇನು ಹೋಗುತ್ತೆ? ಅದನ್ನ ನಿಲ್ಲಿಸೋಕೆ ಒಬ್ಬರ ಉಸಿರು ನಿಲ್ಲಿಸಬೇಕಾ?” ಎಂದು ಎದ್ದುಹೋಗಿ ಪುಡಿಯ ಕೋಣೆಗೆ ಬೀಗ ಜಡಿದು, ಇಬ್ಬರನ್ನೂ ಅಲರ್ಜಿ ಡಾಕ್ಟರ ಬಳಿಗೆ ಅಟ್ಟಿದರು.

ಹುಡುಗಿಯದು ಇನ್ನೂ ಶುರುವಿನಲ್ಲೇ ಸಿಕ್ಕಿತ್ತು. ಕೆಲವು ವಾರ ದೂರವಿಟ್ಟ ಮೇಲೆ ದದ್ದು ಮಾಯವಾಯಿತು. ಮರುಪರೀಕ್ಷೆಯಲ್ಲಿ ರಕ್ತ ಕೆರಳಲಿಲ್ಲವಾದ್ದರಿಂದ ಮತ್ತೆ ತೂಗಲು ಡಾಕ್ಟರು ಒಪ್ಪಿಗೆ ಕೊಟ್ಟರು. ತಕ್ಕಡಿ ಅಕ್ಕನದು ಹೋಗುವಂಥದ್ದಲ್ಲ. ಆ ಕುಲದ ಯಾವ ಮದ್ದನ್ನೂ ಮುಟ್ಟಕೂಡದೆಂಬ ಚೀಟಿ ಈಗ ಅವಳ ಚೀಲದಲ್ಲಿ ಸದಾ ಇರುತ್ತದೆ. ಅವಳ ಬದಲು ತೋಳು ಚಾಚಿದವರ ರಕ್ತ ಸುಮ್ಮನಿತ್ತು, ಮದ್ದು ಉಳಿಯಿತು. ಪೆನಿಸಿಲಿನ್ ಒಗ್ಗದವರಿಗೆ ಇದೂ ಒಗ್ಗದೆಂಬ ಮಾತು ಎರಡಕ್ಕೂ ಕೆರಳಿದ ಅವಳ ರಕ್ತದಿಂದಾಗಿ ಅದರ ಎಚ್ಚರಿಕೆಯ ಪಟ್ಟಿಗೆ ಸೇರಿತು. ಅವಳ ಭಯ ಅರ್ಧ ನಿಜವಾಯಿತು. ಸೀಟು ಹೋಗಲಿಲ್ಲ, ವರ್ಷ ಹೋಯಿತು. ಪುಡಿ ಮುಟ್ಟದೆ ಕಂಪ್ಯೂಟರಿನಲ್ಲೇ ಮಾಡುವ ಬೇರೊಂದು ವಿಷಯವನ್ನು ಮೊದಲಿನಿಂದ ಹಿಡಿಯಬೇಕಾಯಿತು. ಅತ್ತೆ ಎಲ್ಲವನ್ನೂ ಕೇಳಿ, “ಎ.ಸಿ. ಅಂದಿದ್ದೆಯಲ್ಲ,” ಎಂದಷ್ಟೇ ಹೇಳಿದರು.

ಈಗಲೂ ಪುಡಿಯ ಕೋಣೆಯ ಕಡೆ ಹಾದುಹೋಗುವಾಗ ಅವಳು ಬಾಗಿಲಿನ ಗಾಜಿನ ಹೊರಗೆ ನಿಲ್ಲುತ್ತಾಳೆ. ಒಳಗೆ ಮಾಸ್ಕು ತೊಟ್ಟು ವಟವಟ ತೂಗುತ್ತಿರುತ್ತಾಳೆ. ಫ್ಯಾನಿನ ಗುಂಯ್ ಸದ್ದು ಹೊರಗೆ ಕೇಳಿಸುತ್ತದೆ, ಕೊನೆಯ ಅಂಕಿ ಕುಣಿಯುತ್ತಿರುತ್ತದೆ, ಹುಡುಗಿ ಬೇಸರದಿಂದ ಕಾಲು ಅಲ್ಲಾಡಿಸುತ್ತಾ ಕಾಯುತ್ತಾಳೆ. ಗಾಜಿನ ಈಚೆ, ಪುಡಿಯ ಕಣವೊಂದೂ ಬಾರದ ಜಾಗದಲ್ಲಿ, ತಕ್ಕಡಿ ಅಕ್ಕ ಉಸಿರು ಬಿಗಿಹಿಡಿದಿರುತ್ತಾಳೆ. ಹುಡುಗಿಯ ಕೈ ಸ್ವಿಚ್ಚಿನ ಕಡೆ ಹೋಗಲಿಲ್ಲವೆಂಬುದು ಖಾತ್ರಿಯಾದ ಮೇಲೇ ಅದನ್ನು ಬಿಡುವುದು.