ದೊಡ್ಡಕ್ಕೋರ ಡಬ್ಬಿಯ ಮುಚ್ಚಳ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನೆನಪಿನಿಂದ ಹೇಳುತ್ತಿಲ್ಲ, ನನ್ನ ದಾಖಲೆ ಪುಸ್ತಕದಲ್ಲೇ ಇದೆ: "೩.೧೦ - ಮಗು ಸ್ವತಂತ್ರವಾಗಿ ಆಡುತ್ತಿದೆ." ಆ ಸಾಲು ಬರೆದು ತಲೆ ಎತ್ತಿದಾಗ ಶಾಲೆಯ ಅಂಗಳದಲ್ಲಿ ಮಗು ಇರಲಿಲ್ಲ. ಎಷ್ಟು ಹೊತ್ತಿನ ಮೇಲೆ ತಲೆ ಎತ್ತಿದೆ? ಅದೊಂದು ಲೆಕ್ಕ ಎಷ್ಟು ಕೂಡಿಸಿ ಕಳೆದರೂ ಹೊಂದುವುದಿಲ್ಲ.

ಆಮೇಲಿನದರಲ್ಲಿ ಸ್ಪಷ್ಟವಾಗಿ ಕಾಣುವುದು ದೊಡ್ಡಕ್ಕೋರ ಕೈಯಲ್ಲಿದ್ದ ಸ್ಟೀಲಿನ ಮುಚ್ಚಳ. ನೌಕಾನೆಲೆಗೆಂದು ನೇವಿಯವರಿಗೆ ತೋಡೂರಿನ ಮನೆ ಬಿಟ್ಟುಕೊಟ್ಟು ಸಾಮಾನು ಸಾಗಿಸುವಾಗ ಒಂದು ಮಗ್ಗುಲು ನೆಗ್ಗಿದ ಊಟದ ಡಬ್ಬಿಯ ಮುಚ್ಚಳ ಅದು.

ಕಾರವಾರದ ಹತ್ತಿರ, ಕಿನ್ನರ ಊರಿನ ಆಚೆ, ಕಾಳಿ ನದಿ ದಂಡೆಯ ಚಿಕ್ಕ ಶಾಲೆ ನಮ್ಮದು. ಮಕ್ಕಳ ಬಾಯಲ್ಲಿ ಹಿರಿಯ ಶಿಕ್ಷಕಿ ದೊಡ್ಡಕ್ಕೋರು, ಅಂಕೋಲೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ನಾನು ಸಣ್ಣಕ್ಕೋರು. ಅವರ ಸೆರಗಿನಲ್ಲಿ ಸದಾ ನಾಲ್ಕೈದು ಪಿನ್ನು ಹೆಚ್ಚಿಗೆ ಇರುತ್ತಿದ್ದವು, ಯಾವ ಮಗುವಿನ ಅಂಗಿಯ ಗುಂಡಿ ಯಾವಾಗ ಹಾರುತ್ತದೋ ಎಂದು. ಅವರ ತರಗತಿಯಲ್ಲಿ ಏಳು ವರ್ಷದ ಒಬ್ಬ ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅವಳನ್ನು ಕರೆಯಬೇಕಾದರೆ ಅವರು ಕಿಟಕಿಯ ಬಿಸಿಲಿಗೆ ಮುಚ್ಚಳ ಹಿಡಿಯುವರು. ನೆಗ್ಗಿನಿಂದಾಗಿ ಬಾಲವಿದ್ದ ಗೊದಮೊಟ್ಟೆಯಂಥ ಬೆಳಕು ಗೋಡೆಯ ಮೇಲೆ ಓಡುವುದು, ಹುಡುಗಿ ತಿರುಗಿ ನಗುವಳು. "ಪಾಠ ಮತ್ತೆ. ಮೊದ್ಲು ಅದು ನನ್ನ ಕಡೆ ನೋಡ್ಲಿ" ಎನ್ನುವರು.

ನಾನು ಆಗ ವಿಶೇಷ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಗೆ ಅಂಚೆಯ ಮೂಲಕ ಓದುತ್ತಿದ್ದೆ. ಭಾನುವಾರಗಳಂದು ಕಾರವಾರದಲ್ಲಿ ಸಂಪರ್ಕ ತರಗತಿ. ಒಂದು ಮಗುವನ್ನು ವರ್ಷವಿಡೀ ಗಮನಿಸಿ ದಾಖಲೆ ಒಪ್ಪಿಸಬೇಕಿತ್ತು. ಆ ಹುಡುಗಿಯನ್ನು ಆರಿಸಿಕೊಂಡೆ. ಬೆಳಕು ಹಾಯಿಸಿ ಕರೆದರೆ ಅವಳೊಬ್ಬಳೇ ಬೇರೆ ಎಂದಾಗುತ್ತದೆ, ಎಲ್ಲರೊಳಗೆ ಒಬ್ಬಳಾಗಿ ಬೆಳೆಯಬೇಕು, ಮುಚ್ಚಳ ಬೇಡ ಎಂದು ದೊಡ್ಡಕ್ಕೋರಿಗೆ ಹೇಳಿದವಳು ನಾನೇ.

"ಪುಸ್ತಕದಲ್ಲಿ ಹಾಗೆ ಬರ್ದಿದ್ರೆ ಬಿಡ್ವ ಮಾರಾಯ್ತಿ" ಎಂದು ನಕ್ಕರು. "ಡಬ್ಬಿಗೂ ಒಂದು ಮುಚ್ಚಳ ಬೇಕಲ್ಲ."

ಆ ದಿನ ಹದಿನೈದು ನಿಮಿಷ ಯಾರೂ ಮಗುವಿನ ಹತ್ತಿರ ಹೋಗಬೇಡಿ ಎಂದೂ ಹೇಳಿಟ್ಟಿದ್ದೆ. ಗಮನಿಸುವ ಕ್ರಮ ಹಾಗೆ.

ನದಿಯಲ್ಲಿ ನೀರಿಳಿದಾಗ ನಡುವೆ ಮರಳಿನ ದಿಬ್ಬ ಏಳುತ್ತದೆ. ಹುಡುಗಿಯ ತಾಯಿ ಅಲ್ಲಿ ಬಳಚಿನ ಚಿಪ್ಪು ಹೆಕ್ಕುವವಳು. ಅವಳನ್ನು ಹುಡುಕಿಕೊಂಡೇ ಮಗು ಹೋಗಿರಬೇಕು. ಆದರೆ ಭರತಿ ಶುರುವಾಗಿ ನೀರು ಏರುತ್ತಿದ್ದಂತೆ ಹೆಂಗಸರೆಲ್ಲ ಚಿಪ್ಪಿನ ಬುಟ್ಟಿ ಹೊತ್ತು ಮನೆಗೆ ಹೋಗಿಯಾಗಿತ್ತು. ನಾನು ದಂಡೆಗೆ ಓಡಿದಾಗ ದಿಬ್ಬದ ಮೇಲೆ ಅವಳೊಬ್ಬಳೇ, ಮುಖ ಮೂಡಣಕ್ಕೆ. ನಡೆದು ಹೋದ ದಾರಿ ಹಿಂದೆ ನೀರಲ್ಲಿ ಮುಳುಗಿತ್ತು.

ನಾನು ಕೂಗಿದೆ. ಅವಳ ಹೆಸರು ಹಿಡಿದು ಕೂಗಿದೆ. ಶ್ರವಣದೋಷದ ಮೇಲೆ ನಲವತ್ತು ಪುಟ ಬರೆದವಳು, ಕಿವಿ ಕೇಳದ ಮಗುವನ್ನು ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇದ್ದೆ.

"ದೋಣಿಯವ್ನನ್ನ ಕರಿ, ಅವ್ಳನ್ನಲ್ಲ" ಎಂದರು ಹಿಂದೆಯೇ ಓಡಿಬಂದ ದೊಡ್ಡಕ್ಕೋರು. ಹೆಗಲ ಚೀಲದಿಂದ ಡಬ್ಬಿ ತೆಗೆದು, ಉಳಿದಿದ್ದ ಅನ್ನ ಚೆಲ್ಲಿದ್ದೂ ನೋಡದೆ, ದಂಡೆಯುದ್ದಕ್ಕೂ ಮೂಡಣಕ್ಕೆ ಓಡಿದರು. ಮಗುವಿನ ಕಣ್ಣೆದುರಿಗೆ ಬರುವಷ್ಟು ದೂರ ಹೋಗಿ, ಬಿಸಿಲಿಗೆ ಮುಚ್ಚಳ ಹಿಡಿದರು. ಒಂದು ಸಲ, ಎರಡು ಸಲ. ಹುಡುಗಿ ತಲೆ ಎತ್ತಿ ನಕ್ಕಳು. ನಗುತ್ತಲೇ ಅವರ ಕಡೆಗೆ, ಆಳದ ಕಡೆಗೆ ಒಂದು ಹೆಜ್ಜೆ ಇಟ್ಟಳು. ದೊಡ್ಡಕ್ಕೋರು ಇನ್ನೊಂದು ಕೈಯನ್ನು ಅಂಗೈ ತೋರಿಸಿ ಎತ್ತಿದರು: ನಿಲ್ಲು. ತರಗತಿಯಲ್ಲಿ ದಿನಾ ತೋರಿಸುತ್ತಿದ್ದ ಕೈ. ಹುಡುಗಿ ನಿಂತಳು. ನೀರು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ದೋಣಿಯವನು ಯಾರ ಕೂಗಿಗೆ ಬಂದನೋ, ಅವಳನ್ನು ಎತ್ತಿಕೊಳ್ಳುವವರೆಗೂ ಆ ಕೈ ಇಳಿಯಲಿಲ್ಲ. ನಾನು ಅಷ್ಟು ಹೊತ್ತು ಎಲ್ಲಿ ನಿಂತಿದ್ದೆ? ಪುಸ್ತಕ ಮಾತ್ರ ಕೈಯಲ್ಲೇ ಇತ್ತು.

ಹೆಡ್‌ಮಾಸ್ತರರು ಕೇಳಿದಾಗ ದೊಡ್ಡಕ್ಕೋರು "ನನ್ನ ಕ್ಲಾಸಿನ ಹುಡುಗಿ, ನಾನೇ ನೋಡ್ಬೇಕಿತ್ತು" ಎಂದರು. ನಾನು ಬಾಯಿ ಬಿಡಲಿಲ್ಲ. ದಾಖಲೆ ಹಾಗೆಯೇ ಒಪ್ಪಿಸಿದೆ. ೩.೧೦ರ ಸಾಲಿನ ಎದುರು ಪರೀಕ್ಷಕರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಪದವಿ ಬಂತು. ರಾತ್ರಿಗಳ ನಿದ್ದೆ ಹೋಯಿತು.

ಮುಚ್ಚಳ ಮರುದಿನವೇ ತರಗತಿಗೆ ಮರಳಿತ್ತು. ಆ ಮಧ್ಯಾಹ್ನದ ಮಾತನ್ನು ದೊಡ್ಡಕ್ಕೋರು ಒಮ್ಮೆಯೂ ಎತ್ತಲಿಲ್ಲ. ಮೂರು ವರ್ಷದ ಮೇಲೆ, ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಎದೆನೋವೆಂದು ಕಾರವಾರದ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಅವರ ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಹುಡುಗಿಯ ತಾಯಿಯ ಮನೆಗೆ ಹೋದೆ. ನಿಂತೇ ಎಲ್ಲ ಹೇಳಿದೆ: ಮುಚ್ಚಳ ಬಿಡಿಸಿದ್ದು, ಬರೆಯುತ್ತ ಕೂತಿದ್ದು, ಸುಮ್ಮನಿದ್ದದ್ದು.

"ಗೊತ್ತದೆ ಅಕ್ಕೋರೆ" ಎಂದಳು ಆಕೆ. "ಅದೇ ದಿನ ಸಂಜಿಗೆ ದೊಡ್ಡಕ್ಕೋರು ಬಂದು ಹೇಳಿದ್ರು. ಸಣ್ಣಕ್ಕೋರು ತಾವೇ ಬಂದು ಹೇಳ್ತಾರೆ, ಅಲ್ಲೀವರೆಗೆ ನೀ ಏನೂ ಕೇಳ್ಬೇಡ ಅಂದ್ರು." ಮಣೆ ನನ್ನ ಕಡೆ ಸರಿಸಿ, "ನೀವು ಬರೂದೇ ಇಲ್ಲ ಅಂತ ಮಾಡಿದ್ದೆ. ಕೂತ್ಕಣಿ, ಚಾ ಮಾಡ್ತೆ" ಎಂದಳು.

ದೊಡ್ಡಕ್ಕೋರು ನನ್ನನ್ನು ಕ್ಷಮಿಸಿದ್ದರೋ, ಮೂರು ವರ್ಷ ಕಾದು ಬೇಸತ್ತು ಹೋದರೋ, ಈಗಲೂ ತಿಳಿಯದು. ಅಂದು ಅಂಕೋಲೆಗೆ ಬಂದು ಮಲಗಿದವಳಿಗೆ ಎಚ್ಚರವಾದಾಗ ಸೋಮವಾರದ ಮೊದಲ ಬಸ್ಸು ಹೊರಟುಹೋಗಿತ್ತು.