ಮಲ್ಲಿಕಾರ್ಜುನಪ್ಪ ಮುಳುಗಿಸದ ಹಡಗು

ಕಡೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡ ಮಲ್ಲಿಕಾರ್ಜುನಪ್ಪ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಲೆಯೆತ್ತಿದರೆ, ಎದುರಿಗೆ ತಮ್ಮದೇ ಮುಖ. ಆಳೆತ್ತರದ ಫ್ಲೆಕ್ಸ್. ಮೈಮೇಲೆ ನೌಕಾಪಡೆಯ ಬಿಳಿ ಸಮವಸ್ತ್ರ, ಹಿಂದೆ ಹೊತ್ತಿ ಉರಿಯುವ ಹಡಗು, ಪಕ್ಕದಲ್ಲಿ ಕೈಮುಗಿದ ಮಗ ಬಸವೇಶ. ‘ಟಾರ್ಪಿಡೊ ಹೊಡೆದು ಶತ್ರುವಿನ ಹಡಗು ಮುಳುಗಿಸಿದ ವೀರಯೋಧನ ಪುತ್ರನಿಗೇ ನಿಮ್ಮ ಅಮೂಲ್ಯ ಮತ.’

ಹೊಸ ಹಲ್ಲು ಕಟಕಟನೆ ಕಡಿಯುತ್ತಲೇ ಮನೆ ಸೇರಿದರು. ಜಲಾಂತರ್ಗಾಮಿಯ ಟಾರ್ಪಿಡೊ ಕೋಣೆಯಲ್ಲಿ ಯೌವನವನ್ನೆಲ್ಲ ಸವೆಸಿದ ಮನುಷ್ಯ ನಿಜ. ಆದರೆ ಹಡಗಿರಲಿ, ಒಂದು ತೆಪ್ಪವನ್ನೂ ಮುಳುಗಿಸಿದವರಲ್ಲ. ಅಲ್ಲಿಂದ ಊರಿಗೆ ತಂದದ್ದು ಒಂದು ಅಭ್ಯಾಸವನ್ನು ಮಾತ್ರ. ಹೆಂಡತಿ ತೀರ್ಥಮ್ಮ “ಗ್ಯಾಸ್ ಆಫ್ ಮಾಡ್ರಿ” ಅಂದರೆ “ಗ್ಯಾಸ್ ಆಫ್ ಮಾಡ್ತೀನಿ” ಎಂದು ತಿರುಗಿ ಹೇಳುವರು. ಮಾಡಿದ ಮೇಲೆ “ಗ್ಯಾಸ್ ಆಫ್ ಆಯ್ತು” ಎಂದು ಒಪ್ಪಿಸುವರು. ಬೀದಿಗೆಲ್ಲ ಇದು ನಗೆಪಾಟಲು. ನಗುವವರಿಗೇನು, ನೀರಿನಡಿ ಒಂದು ಮಾತು ತಪ್ಪಿ ಕೇಳಿಸಿದರೆ ಹಡಗಿನ ಜನವೆಲ್ಲ ಹೋದಂತೆಯೇ ಎಂಬುದು ಅವರಿಗೆ ಗೊತ್ತಿಲ್ಲ.

“ಯಾವ ಹಡಗೋ ಅದು? ಯಾವ ಶತ್ರುವೋ?” ಎಂದು ಮಗನ ಮೇಲೆ ಹರಿಹಾಯ್ದರು.

ಈರುಳ್ಳಿ ಮಂಡಿಯ ಬಸವೇಶನಿಗೆ ಪಟ್ಟಣ ಪಂಚಾಯ್ತಿಯ ಕುರ್ಚಿ ಕನಸಿನಲ್ಲೂ ಕಾಣುತ್ತಿತ್ತು. “ಎಲೆಕ್ಷನ್ ಮಾತು ಕಣಪ್ಪ. ಅಜ್ಜಂಪುರದಲ್ಲಿ ಸಮುದ್ರ ಎಲ್ಲೈತೆ, ಯಾರು ಹೋಗಿ ನೋಡ್ಕಂಡು ಬತ್ತಾರೆ? ನಾಳೆ ಸಭೇಲಿ ಟಾರ್ಪಿಡೊ ಬಿಡೋ ಆರ್ಡರ್‌ಗಳನ್ನ ಒಂದ್ಸಲ ಕೂಗ್ಬಿಡು, ಸಾಕು.”

“ಬತ್ತೀನಿ” ಎಂದರು ಮಲ್ಲಿಕಾರ್ಜುನಪ್ಪ. ಆ ‘ಬತ್ತೀನಿ’ಯ ಬಿಸಿ ತೀರ್ಥಮ್ಮನಿಗೆ ತಟ್ಟಿತು, ಮಗನಿಗೆ ತಟ್ಟಲಿಲ್ಲ.

ಸಭೆ ನಡೆದದ್ದು ಆ ಫ್ಲೆಕ್ಸಿನ ಬುಡದಲ್ಲೇ. ಬಸವೇಶ ಮೈಕು ಕೊಟ್ಟ.

“ಫ್ಲಡ್ ಟ್ಯೂಬ್!” ಎಂದು ಗುಡುಗಿದರು ಮಲ್ಲಿಕಾರ್ಜುನಪ್ಪ. “ಅಂದ್ರೆ, ಟಾರ್ಪಿಡೊ ಇರೋ ಕೊಳವೆಗೆ ನೀರು ತುಂಬು. ಒಳಗಿನ ಒತ್ತಡ, ಹೊರಗಿನ ಒತ್ತಡ ಸಮ ಆಗ್ಬೇಕು. ಇಲ್ದಿದ್ರೆ ಮುಚ್ಚಳ ತೆಗೆಯೋಕಾಗಲ್ಲ. ಓಪನ್ ಬೋ ಕ್ಯಾಪ್! ಅಂದ್ರೆ, ಹೊರಗಿನ ಮುಚ್ಚಳ ತೆಗಿ. ಒಳಗಿನ ಬಾಗಿಲು ಭದ್ರ ಇರ್ಬೇಕು, ಇಲ್ದಿದ್ರೆ ಸಮುದ್ರ ನಮ್ಮ ಮೇಲೇ ಬತ್ತದೆ. ಸ್ಟ್ಯಾಂಡ್ ಬೈ! ಅಂದ್ರೆ, ಟಾರ್ಪಿಡೊ ಬಿಡೋ ಹಿಡಿಕೆ ಮೇಲೇ ಕೈ ಇರ್ಲಿ, ಎಳೀಬೇಡ.”

ಜನ ಸಿಳ್ಳೆ ಹೊಡೆದರು. ಬಸವೇಶ ಹಿಗ್ಗಿ, “ಫೈರ್ ಅನ್ನಪ್ಪಾ!” ಎಂದ.

“ಮುಚ್ಚು ಬಾಯಿ! ಅದು ಕ್ಯಾಪ್ಟನ್ ಬಾಯಲ್ಲಿ ಮಾತ್ರ ಬರೋ ಮಾತು. ಒಂದಿನ ಹಿಂಗೇ ಎಲ್ಲ ಸಿದ್ಧ ಆದಾಗ ಅವರು ಅಂದಿದ್ದು ಚೆಕ್ ಫೈರಿಂಗ್. ಅಂದ್ರೆ, ನಿಲ್ಸು. ಅಭ್ಯಾಸಕ್ಕೆ ಅಂತ ಮದ್ದಿಲ್ಲದ ಟಾರ್ಪಿಡೊ ಬಿಡೋದ್ರಲ್ಲಿದ್ವಿ. ಮೀನುಗಾರರ ಮರದ ದೋಣಿ ಅಡ್ಡ ಬಂತು. ಮದ್ದಿಲ್ದಿದ್ರೂ ತಗುಲಿದ್ರೆ ಚೂರುಚೂರು. ಹಿಡಿಕೆ ಮೇಲಿದ್ದ ಈ ಕೈ ತೆಗೆದೆ. ದೋಣಿಯವರು ತಮ್ಮ ಪಾಡಿಗೆ ಮನೆಗೆ ಹೋದ್ರು. ನಾನು ಮಾಡಿದ ದೊಡ್ಡ ಕೆಲಸ ಅಂದ್ರೆ ಅದೇ ಕಣ್ರೀ! ಹಡಗು ಮುಳುಗ್ಸಿಲ್ಲ, ಯಾರನ್ನೂ ಕೊಂದಿಲ್ಲ. ಕೊಂದಿದ್ದೀನಿ ಅಂತ ನನ್ನ ಹೊಟ್ಟೇಲಿ ಹುಟ್ಟಿದೋನೇ ಸಾರ್ತಾವ್ನಲ್ಲ, ನಾಚಿಕೆ ಆಗಲ್ವಾ?”

ಮಲ್ಲಿಕಾರ್ಜುನಪ್ಪ ಮಗನತ್ತ ತಿರುಗಿದರು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

“ಬಸವೇಶ, ಫ್ಲೆಕ್ಸ್ ಇಳಿಸು.”

ಬಸವೇಶ ಜನರನ್ನು ನೋಡಿದ, ನೆಲ ನೋಡಿದ.

“ಏನಂದೆ ನಾನು? ತಿರುಗಿ ಹೇಳು.”

“ಫ್ಲೆಕ್ಸ್... ಇಳಿಸ್ತೀನಿ” ಎಂದ ಬಸವೇಶ. ಬೀದಿಯವರು ಯಾರೂ ನಗಲಿಲ್ಲ.

ಮಲ್ಲಿಕಾರ್ಜುನಪ್ಪ ಕದಲಲಿಲ್ಲ. ತೀರ್ಥಮ್ಮ ಬಂದು “ಇಳಿಸ್ತೀನಿ ಅಂದ್ನಲ್ಲ, ಬನ್ನಿ ಮನೆಗೆ” ಎಂದು ತೋಳು ಹಿಡಿದರೂ ಕದಲಲಿಲ್ಲ. ಬಸವೇಶ ಏಣಿ ತರಿಸಿ, ತಾನೇ ಹತ್ತಿ, ಹಗ್ಗ ಬಿಚ್ಚಿದ. ಉರಿಯುವ ಹಡಗು ಮಡಚಿಕೊಂಡು ಕೆಳಗೆ ಬಿತ್ತು. ಏಣಿಯ ಮೇಲಿಂದಲೇ, ಅಪ್ಪನ ಮುಖ ನೋಡಲಾರದೆ, ಅವನು ಹೇಳಿದ:

“ಇಳಿಸಾಯ್ತಪ್ಪ.”